ಅತ್ತೆಯ ಹೆಸರು ಬೇಡ

ಜೂನ್ ೪

ತಮ್ಮನಿಗೆ,

ಎರಡು ಬೀದಿ ಆಚೆ ಇರುವವನಿಗೆ ಅಂಚೆಯಲ್ಲಿ ಪತ್ರ ಹಾಕುತ್ತಿದ್ದೇನೆ. ನಿನ್ನ ಮನೆಯ ಮೆಟ್ಟಿಲು ಹತ್ತಬಾರದು, ನೀನು ಫೋನು ಮಾಡಿದರೆ ಎತ್ತಬಾರದು ಎಂದು ತೀರ್ಮಾನಿಸಿದ್ದೇನೆ. ಆದರೆ ಈ ವಿಷಯ ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ.

ಇವರನ್ನು ಮಸಣಕ್ಕೆ ಕಳಿಸಿಕೊಟ್ಟು ಬಂದ ದಿನ ನೀನು ನಮ್ಮ ಅಂಗಡಿಯ ಮುಂದೆ ಚಪ್ಪಲಿ ಹಾಕಿಕೊಳ್ಳುತ್ತ ನಿನ್ನ ಹೆಂಡತಿಗೆ ಒಂದು ಮಾತು ಹೇಳಿದೆ. "ಪಾಪ, ಭಾವನ ಜೊತೆಗೆ ಕೇಸೂ ಹೋಯ್ತು ಬಿಡು" ಎಂದೆ. ನಾನು ಬಾಗಿಲ ಹಿಂದೆಯೇ ಇದ್ದೆ. ‘ಪಾಪ’ ಬಾಯಿಂದ ಬಂತು, ‘ಬಿಡು’ ಹೊಟ್ಟೆಯೊಳಗಿಂದ ಬಂತು. ಅಷ್ಟು ಹಗುರವಾಗಿ ನೀನು ಉಸಿರು ಬಿಟ್ಟಿದ್ದನ್ನು ನಾನು ಚಿಕ್ಕಂದಿನಿಂದಲೂ ಕೇಳಿರಲಿಲ್ಲ.

ಕೇಸು ಹೋಗಿಲ್ಲ. ಫಲಿತಾಂಶವನ್ನು ಪ್ರಶ್ನಿಸಿ ಅರ್ಜಿ ಹಾಕಿದವನು ಸತ್ತರೆ ಅರ್ಜಿಯೂ ಅವನ ಜೊತೆಗೆ ಮುಗಿಯುತ್ತದೆ, ಅದು ನಿಜ. ಆದರೆ ಅದಕ್ಕೆ ಮೊದಲು ಕೋರ್ಟು ಒಂದು ಪ್ರಕಟಣೆ ಹೊರಡಿಸಿ ಕೇಳುತ್ತದಂತೆ: ಈ ವಾರ್ಡಿನ ಮತದಾರರಲ್ಲಿ ಯಾರಾದರೂ ಸತ್ತವರ ಜಾಗದಲ್ಲಿ ನಿಲ್ಲುತ್ತೀರಾ? ಗಡುವಿನೊಳಗೆ ಯಾರೂ ಬರದಿದ್ದರೆ ಕಡತ ಕಟ್ಟಿ ಇಡುತ್ತಾರೆ. ನಾನು ಹೋದೆ. ಆ ಕಚೇರಿಯ ಗುಮಾಸ್ತ ನನ್ನ ಅರ್ಜಿ ನೋಡಿ ಕೇಳಿದ, "ಓದು ಎಷ್ಟಮ್ಮಾ?"

"ಏಳನೇ ಕ್ಲಾಸು."

"ಎದುರು ಪಾರ್ಟಿ ನಿಮಗೆ ಏನಾಗ್ಬೇಕು?"

"ತಮ್ಮ."

ಅವನು ಪೆನ್ನು ಕೆಳಗಿಟ್ಟ. "ಮನೇಲಿ ಕೂತು ಮಾತಾಡ್ಕೊಂಡು ಮುಗಿಸ್ಕೋಬಾರ್ದಾ?" ಎಂದ. ಮನೆಯಲ್ಲಿ ಕೂತು ಮತ ಎಣಿಸುವುದಕ್ಕೆ ಆಗುವುದಿಲ್ಲವಲ್ಲ, ಎಂದೆ. ಮುದ್ರೆ ಒತ್ತಿ ಕೊಟ್ಟ.

ನಿನ್ನ ಭಾವ ಕೇಳಿದ್ದು ದೊಡ್ಡದೇನಲ್ಲ. ನಗರಸಭೆ ಚುನಾವಣೆಯಲ್ಲಿ ನೀನು ಒಂಬತ್ತು ಮತದಲ್ಲಿ ಗೆದ್ದೆ ಎಂದು ಅಧಿಕಾರಿಗಳು ಘೋಷಿಸಿದರು. ಎಣಿಕೆಯಲ್ಲಿ ನಿನ್ನ ತಟ್ಟೆಗೆ ಹಾಕಿದ ಮತಪತ್ರಗಳ ಒಂದು ಕಟ್ಟನ್ನು ಬಿಚ್ಚಿ ನೋಡಿ, ಅದರಲ್ಲಿರುವುದು ನನ್ನ ಮತ, ಎಂದರು ಇವರು. ಪೆಟ್ಟಿಗೆ ಕೋರ್ಟಿನ ಖಜಾನೆ ಕೋಣೆಯಲ್ಲಿ ಮೊಹರು ಹಾಕಿಸಿಕೊಂಡು ಕೂತಿದೆ. ಅದು ತೆರೆಯುವವರೆಗೆ ನಾನು ಬಿಡುವುದಿಲ್ಲ. ಇಷ್ಟು ತಿಳಿಸಬೇಕಿತ್ತು.

ನಿನ್ನ ಅಕ್ಕ


ಜೂನ್ ೧೧

ಅಕ್ಕನಿಗೆ,

ನಿನ್ನ ಪತ್ರ ಅಂಗಡಿಗೇ ಬಂತು. ಗಿರಾಕಿಗಳ ಎದುರಿಗೆ ಅಂಚೆಯವನು, "ಏನ್ ಸಾರ್, ನಿಮ್ಮಕ್ಕೋರು ಬೀದಿ ದಾಟೋಕೂ ಸ್ಟಾಂಪು ಹಚ್ತಾರಲ್ಲ" ಎಂದು ಹಲ್ಲು ಕಿರಿದ. ಈಗ ಬಣ್ಣದ ಡಬ್ಬಿ ಕೊಳ್ಳಲು ಬರುವವರೆಲ್ಲ ಮೊದಲು ಕೇಸಿನ ಸಮಾಚಾರ ಕೇಳಿ ಆಮೇಲೆ ಡಬ್ಬಿಯ ಬೆಲೆ ಕೇಳುತ್ತಾರೆ. ನಿನಗೆ ಸಂತೋಷವಾಗಿರಬೇಕು.

ಭಾವ ಒಳ್ಳೆಯವರು. ಸತ್ತರೆಂದು ಹೇಳುತ್ತಿಲ್ಲ, ಇದ್ದಾಗಲೂ ಹೇಳಿದ್ದೇನೆ. ಆದರೆ ಒಳ್ಳೆಯವರೇ ಗೆಲ್ಲಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಈ ಸಲ ನಗರಸಭೆಗೆ ನಿಲ್ಲುತ್ತೇನೆ ಎಂದು ನಾನು ಮೊದಲು ಹೇಳಿದ್ದೇ ಅವರಿಗೆ, ಅವರ ಕನ್ನಡಕದ ಅಂಗಡಿಯ ಸ್ಟೂಲಿನ ಮೇಲೆ ಕೂತು. ಹದಿನೈದು ದಿನ ಕಳೆಯುವುದರೊಳಗೆ ಬೀದಿಯ ಅಂಗಡಿಯವರ ಮಾತು ಕೇಳಿ ತಾವೇ ನಾಮಪತ್ರ ಹಾಕಿದರು. ಕೇಳಿದರೆ, "ನಾನು ನಿನ್ನ ಎದುರಿಗೆ ನಿಂತಿಲ್ಲ ಕಣಪ್ಪಾ, ಚರಂಡಿ ಪರವಾಗಿ ನಿಂತಿದ್ದೀನಿ" ಎಂದರು. ಅಳಿಯ ಅಲ್ಲ, ಮಗಳ ಗಂಡ! ಚರಂಡಿಗೆ ಬಿದ್ದ ಮತವೆಲ್ಲ ನನ್ನ ಮತದಿಂದ ತಾನೆ ಹರಿದು ಹೋಗಿದ್ದು?

ಇನ್ನು ಆ ಒಂಬತ್ತರ ಮಾತು. ನನ್ನ ನಾಮಪತ್ರ ಎಲ್ಲಾದರೂ ತಿರಸ್ಕಾರವಾದರೆ ಕೈ ಖಾಲಿಯಾಗದಿರಲಿ ಎಂದು ಅಮ್ಮನಿಂದಲೂ ಒಂದು ಹಾಕಿಸಿದ್ದೆ. ಎಲ್ಲರೂ ಮಾಡುವುದೇ. ವಾಪಸು ತೆಗೆಯುವ ದಿನ ಅವಳಿಗೆ ಕಾಲು ನೋವು ಬಂತು, ಕಚೇರಿಗೆ ಬರಲಿಲ್ಲ, ಹೆಸರು ಪಟ್ಟಿಯಲ್ಲಿ ಉಳಿಯಿತು. ಪ್ರಚಾರವಿಲ್ಲ, ಭಾಷಣವಿಲ್ಲ, ಮತದಾನದ ದಿನದವರೆಗೆ ಹಾಸಿಗೆ ಬಿಟ್ಟು ಏಳಲಿಲ್ಲ. ಇಪ್ಪತ್ತಮೂರು ಮತ ತೆಗೆದುಕೊಂಡಳು. ಅವು ನನ್ನವು. ಆ ಲೆಕ್ಕದಲ್ಲಿ ನಾನು ಗೆದ್ದದ್ದು ಮೂವತ್ತೆರಡರಲ್ಲಿ. ಕನ್ನಡಕ ಮಾರುವವರಿಗೆ ಇಲ್ಲದ್ದು ಕಾಣಿಸಿತು, ಇದ್ದದ್ದು ಕಾಣಿಸಲಿಲ್ಲ.

ಅಮ್ಮ ನನ್ನ ಮನೆಯಲ್ಲಿದ್ದಾಳೆ. ಅವಳನ್ನು ನೋಡಬೇಕೆನ್ನಿಸಿದರೆ ಅರ್ಜಿ ವಾಪಸು ತೆಗೆದುಕೊಂಡು ಬಾ. ಬಾಗಿಲು ಹಾಕಿರುವುದು ನಾನಲ್ಲ.

ನಿನ್ನ ತಮ್ಮ


ಜೂನ್ ೨೩

ತಮ್ಮನಿಗೆ,

ಎಣಿಕೆಯ ದಿನ ನೀನು ಒಳಗೆ ಇರಲಿಲ್ಲ. ಹೊರಗೆ ಜೀಪಿನ ಬಾನೆಟ್ಟಿನ ಮೇಲೆ ನಿಂತಿದ್ದೆ. ಆದ್ದರಿಂದ ಏನು ಕಂಡಿತು, ಏನು ಕಾಣಲಿಲ್ಲ ಎಂದು ನೀನು ಹೇಳುವ ಹಾಗಿಲ್ಲ.

ಇವರು ಒಳಗಿದ್ದರು. ಎಣಿಕೆ ನಡೆದ ಶಾಲೆಯ ಆಟದ ಹಾಲ್ ನಿನಗೂ ಗೊತ್ತು. ನಡುವೆ ತಂತಿ ಜಾಲರಿ ಕಟ್ಟಿ, ಈಚೆ ಬೆಂಚಿನ ಮೇಲೆ ಅಭ್ಯರ್ಥಿಗಳು, ಆಚೆ ಮೇಜಿನಲ್ಲಿ ಎಣಿಸುವವರು. ಐವತ್ತು ಐವತ್ತಕ್ಕೆ ರಬ್ಬರು ಹಾಕಿ, ಮೇಲೊಂದು ಚೀಟಿ ಇಟ್ಟು, ಯಾರ ಕಟ್ಟೋ ಅವರ ತಟ್ಟೆಗೆ ಹಾಕುವುದು. ಮತಪತ್ರದಲ್ಲಿ ನಿನ್ನ ಏಣಿ ಗುರುತು ಮೇಲಿನ ಸಾಲು, ಇವರ ಛತ್ರಿ ಗುರುತು ಕೊನೆಯ ಸಾಲು. ಒಂದು ಕಟ್ಟಿಗೆ ನಿನ್ನ ಚೀಟಿ ಇಟ್ಟು ನಿನ್ನ ತಟ್ಟೆಗೆ ಎಸೆದರು. ಬಿದ್ದ ರಭಸಕ್ಕೆ ಅದರ ಅಂಚು ಎದ್ದಿತು. ಮುದ್ರೆಗಳು ಕೆಳಗಿನ ಸಾಲಿನಲ್ಲಿದ್ದವು. ಇವರು ಎದ್ದು ನಿಂತು, "ಸ್ವಾಮಿ, ಆ ಕಟ್ಟು ಒಂದ್ಸಲ ಬಿಚ್ಚಿ" ಎಂದರು. ಅಧಿಕಾರಿ, "ಕೂತ್ಕೊಳ್ರೀ, ಕೊನೇಲಿ ನೋಡೋಣ" ಎಂದ. ಕೊನೆಯಲ್ಲಿ ಕೇಳಿದರೆ, "ಕೂಡಿಸಿ ಸಹಿ ಆಗಿದೆ. ಇನ್ನೇನಿದ್ರೂ ಕೋರ್ಟಿಗೆ ಹೋಗಿ" ಎಂದ. ಹೋದರು. ಹೋಗಿ ಎಂದವರ ಮಾತಿನಂತೆಯೇ ಹೋದರು, ಜಗಳ ಮಾಡಲಿಲ್ಲ, ಕುರ್ಚಿ ಎತ್ತಿ ಎಸೆಯಲಿಲ್ಲ.

ಅರ್ಜಿದಾರ ಖುದ್ದಾಗಿ ಹೋಗಿ ಕೊಡಬೇಕು ಎಂದರೆ ಅಂಗಡಿ ಮುಚ್ಚಿ ಖುದ್ದಾಗಿ ಹೋದರು. ಎದುರಾಳಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಪ್ರತಿ, ಪ್ರತಿಯ ಪ್ರತಿ ಹಾಳೆಗೂ ‘ಇದು ನಿಜಪ್ರತಿ’ ಎಂದು ಬರೆದು ಸಹಿ ಮಾಡಬೇಕು ಎಂದರೆ, ಗಾಜಿನ ಕೌಂಟರಿನ ಮೇಲೆ ಕನ್ನಡಕದ ಫ್ರೇಮುಗಳನ್ನು ಒಂದು ಕಡೆ ಸರಿಸಿ ಇಡೀ ಮಧ್ಯಾಹ್ನ ಸಹಿ ಹಾಕಿದರು. ಒಬ್ಬ ಗಿರಾಕಿ ನೋಡಿ, "ಏನ್ ಯಜಮಾನ್ರೇ, ಅಂಗಡಿ ಮಾರ್ತಿದ್ದೀರಾ?" ಎಂದ. "ಇಲ್ಲಪ್ಪ, ಒಂದು ರಬ್ಬರ್ ಬ್ಯಾಂಡ್ ಬಿಚ್ಚಿಸೋಕೆ ಇಷ್ಟು" ಎಂದರು.

ಈಗ ಆ ಕೌಂಟರಿನ ಹಿಂದೆ ನಾನು ಕೂರುತ್ತೇನೆ. ಗಾಜು ಉಜ್ಜುವ ಚಕ್ರದ ಮುಂದೆ ಅವರು ಕುಸಿದ ಜಾಗದಲ್ಲೇ ಕೂತು ಉಜ್ಜುತ್ತೇನೆ. ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಿರಬೇಕು, ಇಲ್ಲದಿದ್ದರೆ ಗಾಜು ಬಿಸಿಯಾಗಿ ಬಿರುಕು ಬಿಡುತ್ತದೆ. ಆ ನೀರಿನ ಸದ್ದು ಮೊದಲೂ ಇತ್ತು. ಈಗ ಮಾತ್ರ ಕೇಳಿಸುತ್ತದೆ.

ಅಮ್ಮನನ್ನು ಒತ್ತೆ ಇಟ್ಟುಕೊಂಡು ಪತ್ರ ಬರೆಯಬೇಡ.

ಅಕ್ಕ


ಜುಲೈ ೨೦

ತಮ್ಮನಿಗೆ,

ಇವತ್ತು ಕೋರ್ಟಿನಿಂದ ಬಂದು ಕೈ ಕೂಡ ತೊಳೆಯದೆ ಬರೆಯುತ್ತಿದ್ದೇನೆ.

ನಿನ್ನ ಕೆಮ್ಮು ವಕೀಲ ಎದ್ದು ನಿಂತು, ಎರಡು ಸಲ ಕೆಮ್ಮಿ, "ಸ್ವಾಮಿ, ಈ ಅರ್ಜಿ ಹುಟ್ಟುವಾಗ್ಲೇ ಸತ್ತು ಹುಟ್ಟಿದೆ" ಎಂದ. ನನ್ನ ಗಂಡ ಸತ್ತು ಎರಡು ತಿಂಗಳಾಗಿದೆ. ಆ ಪದ ಬಿಟ್ಟು ಬೇರೆ ಪದ ಅವನಿಗೆ ಸಿಗಲಿಲ್ಲವೇ? ಆಮೇಲೆ ಕಾನೂನು ಓದಿದ. ಗೆದ್ದವನ ಆಯ್ಕೆ ರದ್ದು ಮಾಡಿ ಎಂದಷ್ಟೇ ಕೇಳಿದರೆ ಗೆದ್ದವನೊಬ್ಬನನ್ನು ಎದುರಾಳಿ ಮಾಡಿದರೆ ಸಾಕು. ಜೊತೆಗೆ ನನ್ನನ್ನೇ ಗೆದ್ದವನೆಂದು ಘೋಷಿಸಿ ಎಂದೂ ಕೇಳಿದರೆ, ಕಣದಲ್ಲಿದ್ದ ಪ್ರತಿಯೊಬ್ಬರನ್ನೂ ಎದುರಾಳಿ ಮಾಡಲೇಬೇಕು. ಒಬ್ಬರು ಬಿಟ್ಟುಹೋದರೂ ಅರ್ಜಿಯನ್ನು ಹೊಸ್ತಿಲಲ್ಲೇ ವಜಾ ಮಾಡಬೇಕು. ಪೆಟ್ಟಿಗೆಯೊಳಗೆ ಏನಿದೆ ಎಂದು ಯಾರೂ ಕೇಳುವ ಹಾಗಿಲ್ಲ.

"ಬಿಟ್ಟುಹೋಗಿರೋದು ಯಾರು?" ಎಂದರು ನ್ಯಾಯಾಧೀಶರು.

"ಗೆದ್ದವರ ತಾಯಿ, ಸ್ವಾಮಿ. ಮೂಲ ಅರ್ಜಿದಾರರ ಅತ್ತೆ. ಬಕೆಟ್ ಗುರುತು."

ಬೆಂಚುಗಳೆಲ್ಲ ನಕ್ಕವು. ನ್ಯಾಯಾಧೀಶರೂ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದೇ ಮನೆಯವರು ಎಷ್ಟು ಜನ ನಿಂತಿದ್ರಪ್ಪಾ? ವಾರ್ಡಲ್ಲಿ ಮತದಾರರು ಉಳಿದಿದ್ರಾ?" ಎಂದರು. ನೀನೂ ನಕ್ಕೆ. ನಾನು ನಿನ್ನನ್ನೇ ನೋಡುತ್ತಿದ್ದೆ.

ಈಗ ನಾನು ಹೇಳುವುದನ್ನು ಓದು. ಫೆಬ್ರವರಿಯಲ್ಲಿ ಅರ್ಜಿ ಬರೆಸುವಾಗ ನಾನೂ ವಕೀಲರ ಕೋಣೆಯಲ್ಲಿದ್ದೆ. ಬೋಳುತಲೆಯ ನಮ್ಮ ವಕೀಲರು ಹೆಸರುಗಳನ್ನು ಓದುತ್ತ ಹೋದರು. ಅಮ್ಮನ ಹೆಸರು ಬಂದಾಗ ಇವರು ತಡೆದರು.

"ಅತ್ತೆಯ ಹೆಸರು ಬೇಡ."

"ಬೇಡ ಅಂದ್ರೆ ಆಗಲ್ಲ ಸ್ವಾಮಿ. ಅವರೂ ಕ್ಯಾಂಡಿಡೇಟು."

"ಕೋರ್ಟಿನ ಅಮೀನ ಸಮನ್ಸ್ ಹಿಡ್ಕೊಂಡು ಅವರ ಹಾಸಿಗೆ ಪಕ್ಕ ನಿಂತು, ‘ನಿಮ್ಮಳಿಯ ನಿಮ್ಮೇಲೆ ಕೇಸ್ ಹಾಕವ್ರೆ, ಇಲ್ಲಿ ಸಹಿ ಮಾಡಿ’ ಅನ್ನೋದು, ಅದು ನನ್ನಿಂದಾಗಲ್ಲ. ಅವರೇನು ಮಾಡಿದ್ದಾರೆ ನಂಗೆ? ಊಟಕ್ಕೆ ಕೂತಾಗ ತಮ್ಮ ಮಗನಿಗಿಂತ ಮೊದಲು ನಂಗೆ ಬಡಿಸಿದಾರೆ."

ವಕೀಲರು ಬೋಳುತಲೆ ಸವರಿಕೊಂಡರು. "ಎದುರು ಕಡೆಯವರು ಇದನ್ನ ಎತ್ತಿದ್ರೆ ಅಲ್ಲೇ ಮುಗೀತು, ಗೊತ್ತಾ?"

"ಎತ್ತಬೇಕಾದವನು ಯಾರು? ಅವರ ಮಗನೇ ತಾನೆ? ಅವನು ನನ್ನ ಮೇಲೆ ಏನ್ ಬೇಕಾದ್ರೂ ಎತ್ತಾನು. ಇದನ್ನ ಎತ್ತಲ್ಲ."

ಹಾಗೆಂದವರು ಕೊನೆಯ ಹಾಳೆಗೆ ಸಹಿ ಹಾಕಿ, ವಕೀಲರ ಮೇಜಿನ ಮೇಲಿದ್ದ ಚಹಾ ಕುಡಿದರು. ನಿನ್ನ ಮೇಲೆ ಅಷ್ಟು ನಂಬಿಕೆ ಇಟ್ಟ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸು.

ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ಇದನ್ನು ವಕೀಲ ತಾನಾಗಿ ಎತ್ತಿದನೋ, ನೀನು ಎತ್ತಿಸಿದೆಯೋ?

ಅಕ್ಕ


ಜುಲೈ ೨೬

ಅಕ್ಕನಿಗೆ,

ನಾನೇ ಎತ್ತಿಸಿದೆ. ವಕೀಲರು, "ನಿಮ್ಮ ತಾಯಿ ವಿಷಯ, ಎತ್ತಲಾ ಬೇಡ್ವಾ?" ಎಂದು ಕೇಳಿದರು. "ಎತ್ತಿ" ಎಂದೆ. ಮರೆಮಾಚುವುದಿಲ್ಲ.

ನೀನು ಭಾವನ ದೊಡ್ಡತನದ ಕಥೆ ಬರೆದಿದ್ದೀಯ. ಅದರಲ್ಲಿ ಒಂದು ಸಾಲು ಬಿಟ್ಟಿದ್ದೀಯ. ಅತ್ತೆಯನ್ನು ಕೋರ್ಟಿಗೆ ಎಳೆಯಲು ಇಷ್ಟವಿಲ್ಲದಿದ್ದರೆ ದಾರಿ ಇತ್ತಲ್ಲ. ನನ್ನ ಆಯ್ಕೆ ರದ್ದಾಗಲಿ ಎಂದಷ್ಟೇ ಕೇಳಿದ್ದರೆ ಅಮ್ಮನ ಹೆಸರೇ ಬೇಕಿರಲಿಲ್ಲ. ಮತ್ತೆ ಚುನಾವಣೆ ಆಗುತ್ತಿತ್ತು. ಭಾವ ಹಾಗೆ ಕೇಳಲಿಲ್ಲ. ‘ನನ್ನನ್ನು ಗೆದ್ದವನೆಂದು ಘೋಷಿಸಿ’ ಎಂದರು. ಅಂದರೆ ಕುರ್ಚಿಯೂ ಬೇಕು, ಸಂಭಾವಿತ ಎನ್ನಿಸಿಕೊಳ್ಳುವುದೂ ಬೇಕು. ಅಟ್ಟದ ಮೇಲೂ ಇರಬೇಕು, ನೆಲದ ಮೇಲೂ ಇರಬೇಕು. ಆ ದೊಡ್ಡತನದ ಖರ್ಚನ್ನು ನಾನು ಕೊಡಬೇಕೇ? ನಾನು ಬಾಯಿ ಮುಚ್ಚಿಕೊಂಡಿದ್ದು, ನನ್ನ ಕುರ್ಚಿ ಬಿಟ್ಟುಕೊಟ್ಟು, ಅವರ ನಂಬಿಕೆ ಉಳಿಸಬೇಕೇ? ನನ್ನನ್ನು ಕೇಳಿ ನನ್ನ ಮೇಲೆ ನಂಬಿಕೆ ಇಟ್ಟರೇ?

ಒಂದು ವಿಷಯ ನಿನಗೆ ಅರ್ಥವಾಗುವುದಿಲ್ಲ. ಭಾವ ಕೋರ್ಟಿಗೆ ಹೋದ ದಿನದಿಂದ ನನ್ನನ್ನು ಈ ಊರಿನಲ್ಲಿ ಯಾರೂ ‘ಸದಸ್ಯರೇ’ ಎಂದು ಪೂರ್ತಿಯಾಗಿ ಕರೆದಿಲ್ಲ. ‘ಸದ್ಯಕ್ಕೆ ಸದಸ್ಯರು’ ಎನ್ನುತ್ತಾರೆ. ನಗರಸಭೆಯಲ್ಲಿ ನಾನು ಮಾತಾಡಲು ಎದ್ದರೆ ಹಿಂದಿನ ಸಾಲಿನಿಂದ ಒಬ್ಬ, "ಒಂಬತ್ತೂ, ಕೂತ್ಕೋ" ಎನ್ನುತ್ತಾನೆ. ನಿನ್ನ ಗಂಡ ಜಗಳ ಮಾಡಲಿಲ್ಲ, ಕುರ್ಚಿ ಎಸೆಯಲಿಲ್ಲ, ಸರಿ. ಅದಕ್ಕಿಂತ ಚೆನ್ನಾಗಿ ಹೊಡೆದರು.

ಆಗಸ್ಟಿನಲ್ಲಿ ವಾದ ಮುಗಿಯುತ್ತದೆ. ಸೋತ ಮೇಲೆ ನನಗೆ ಪತ್ರ ಬರೆಯಬೇಡ.

ತಮ್ಮ


ಆಗಸ್ಟ್ ೨

ಮಗಳೇ,

ಇದನ್ನ ನನ್ನ ನೋಡ್ಕೊಳ್ಳೋ ನರ್ಸಮ್ಮ ಬರೀತಿದಾಳೆ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ, ತಿದ್ದಬೇಡ ಅಂದಿದೀನಿ. ನಿನ್ನ ತಮ್ಮ ಅಂಗಡೀಲಿದಾನೆ, ಸೊಸೆ ಮಹಡಿ ಮೇಲಿದಾಳೆ.

ನನ್ನ ಹೆಸರಲ್ಲಿ ಕೋರ್ಟಲ್ಲಿ ಏನೋ ನಡೀತಿದೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ಹಾಲು ಹಾಕೋನು ಹೇಳ್ದ. "ಏನಜ್ಜೀ, ನಿಮ್ಮಿಂದ ಕೇಸು ಬಿದ್ದೋಗುತ್ತಂತೆ" ಅಂದ. ನಾನು ಎದ್ದು ನಿಲ್ಲೋಕೇ ಇಬ್ಬರು ಬೇಕು, ನನ್ನಿಂದ ಕೇಸು ಬೀಳುತ್ತಂತೆ!

ಅಳಿಯಂದ್ರು ನನ್ನ ಹೆಸರು ಬೇಡ ಅಂದ್ರಂತೆ. ಒಳ್ಳೇ ಮನಸ್ಸು. ನನ್ನ ಮಗ ನನ್ನ ಹೆಸರು ಯಾಕಿಲ್ಲ ಅಂದ್ನಂತೆ. ಅವನ ಮನಸ್ಸು ಅವನಿಗೇ ಗೊತ್ತು. ಇಬ್ಬರಲ್ಲಿ ಒಬ್ಬರಾದ್ರೂ ಬಂದು ‘ನೀನೇನಂತೀಯಾ’ ಅಂತ ನನ್ನ ಕೇಳಿದ್ರಾ? ಅಮೀನ ಬಂದಿದ್ರೆ ನಾನೇನು ಅಳ್ತಿದ್ನಾ? ಕೂರಿಸಿ, ಸಹಿ ಹಾಕಿ, "ಕೋರ್ಟಿಗೆ ಯಾವಾಗ ಬರ್ಲಪ್ಪಾ?" ಅಂತಿದ್ದೆ. ನನ್ನ ಆಯಸ್ಸಲ್ಲಿ ಒಂದು ಕೋರ್ಟು ನೋಡಿಲ್ಲ.

ಇನ್ನೊಂದು ಹೇಳ್ತೀನಿ. ಹೆಸರು ವಾಪಸ್ ತೆಗೆಯೋ ದಿನ ನಂಗೆ ಕಾಲು ನೋವು ಇತ್ತು ಅಂತ ಅವನು ಎಲ್ಲರಿಗೂ ಹೇಳ್ಕೊಂಡು ಬರ್ತಿದಾನೆ. ಕಾಲು ನೋವು ದಿನಾ ಇರುತ್ತೆ. ಆವತ್ತು ನಂಗೆ ಹೋಗೋ ಮನಸ್ಸಿರ್ಲಿಲ್ಲ. ಹಾಕು ಅಂದಾಗ ಹಾಕಿ, ತೆಗಿ ಅಂದಾಗ ತೆಗೆಯೋಕೆ ಅದೇನು ಸ್ವೆಟರಾ? ನನ್ನ ಹೆಸರು ಅಚ್ಚಾಗಿದ್ದು ಅದೊಂದೇ ಸಲ. ಬಕೆಟ್ ಕೊಟ್ರು. ಇರ್ಲಿ, ಮನೇಲಿ ಉಪಯೋಗಕ್ಕೆ ಬರೋ ಸಾಮಾನು. ಆ ಇಪ್ಪತ್ತಮೂರು ಜನ ಯಾರು ಅಂತ ಇನ್ನೂ ಯೋಚ್ನೆ ಮಾಡ್ತಿದೀನಿ. ಒಬ್ಬಳಂತೂ ನಾನೇ.

ಈಗ ನನ್ನನ್ನ ಸೇರಿಸ್ಕೊಂಡು ಬಿಡು. ಬರ್ತೀನಿ. ಕುರ್ಚಿ ಸಮೇತ ಎತ್ಕೊಂಡು ಹೋಗೋಕೆ ಇಬ್ಬರನ್ನ ಕಳಿಸು. ಆ ಪೆಟ್ಟಿಗೆ ತೆಗೀಲಿ, ಯಾರು ಗೆದ್ರು ಅಂತ ಗೊತ್ತಾಗ್ಲಿ. ಇಬ್ಬರಲ್ಲಿ ಯಾರು ಗೆದ್ರೂ ನನ್ನ ಮನೆಯೋರೇ ತಾನೆ.

ಅಮ್ಮ


ಆಗಸ್ಟ್ ೭

ಅಮ್ಮಾ,

ನಿನ್ನ ಪತ್ರವನ್ನು ವಕೀಲರಿಗೆ ತೋರಿಸಿದೆ. ಅವರು ಓದಿ, ಮಡಚಿ ವಾಪಸು ಕೊಟ್ಟರು. ಎದುರಾಳಿಯನ್ನು ಸೇರಿಸುವುದಕ್ಕೂ ಅರ್ಜಿ ಹಾಕಲು ಇದ್ದ ಗಡುವೇ ಗಡುವಂತೆ. ಅದು ಮಾರ್ಚಿನಲ್ಲೇ ಮುಗಿದಿದೆ. ಈಗ ನೀನು ನಡೆದುಕೊಂಡೇ ಬಂದರೂ ಕೋರ್ಟು ನಿನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಒಂದು ದಾರಿ ಇದೆ ಎಂದಿದ್ದಾರೆ. ಸತ್ತವರನ್ನು ಯಾರೂ ಕುರ್ಚಿಯಲ್ಲಿ ಕೂರಿಸುವುದಿಲ್ಲವಲ್ಲ. ಆದ್ದರಿಂದ ಗೆದ್ದವರೆಂದು ಘೋಷಿಸಿ ಎಂಬ ಕೋರಿಕೆಯನ್ನು ನಾವು ಕೈಬಿಡುತ್ತೇವೆ, ಆಗ ಉಳಿಯುವುದು ಅವನೊಬ್ಬನ ಆಯ್ಕೆಯ ಪ್ರಶ್ನೆ, ಅದಕ್ಕೆ ನಿನ್ನ ಹೆಸರು ಬೇಕಿಲ್ಲ, ಎಂದು ವಾದಿಸುತ್ತಾರಂತೆ. ನಡೆಯುತ್ತದೆಯೇ ಎಂದೆ. "ಕೇಳೋದು ನಮ್ಮ ಕೆಲಸ" ಎಂದರು.

ನಿನ್ನನ್ನು ಯಾರೂ ಕೇಳಲಿಲ್ಲ ಎಂದೆಯಲ್ಲ. ನಾನೂ ಆ ಕೋಣೆಯಲ್ಲಿದ್ದೆ. ನಾನೂ ಕೇಳಲಿಲ್ಲ.

ಈ ಪತ್ರ ನರ್ಸಮ್ಮನ ಕೈಗೇ ಸಿಗಲಿ ಎಂದು ಅವರ ಹೆಸರಿಗೆ ಹಾಕಿದ್ದೇನೆ. ಕಾಲು ಎತ್ತರದಲ್ಲಿಟ್ಟುಕೊಂಡು ಮಲಗು.

ನಿನ್ನ ಮಗಳು


ಸೆಪ್ಟೆಂಬರ್ ೧೪

ತಮ್ಮನಿಗೆ,

ಸೋತ ಮೇಲೆ ಬರೆಯಬೇಡ ಎಂದು ನೀನು ಹೇಳಿದ್ದೆ. ಬರೆಯುತ್ತಿದ್ದೇನೆ.

ಆದೇಶ ಓದುವಾಗ ನೀನು ಬರಲಿಲ್ಲ. ಬಂದಿದ್ದರೆ ನೀನೇ ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ವಕೀಲರು ಆ ಕೋರಿಕೆ ಕೈಬಿಡುತ್ತೇವೆ ಎಂದು ಬೇಡಿಕೊಂಡರು. ನ್ಯಾಯಾಧೀಶರು ತಲೆಯಾಡಿಸಿದರು. "ಅರ್ಜಿ ಸರಿ ಇದೆಯಾ ಅಂತ ನೋಡೋದು ಅದನ್ನ ಕೊಟ್ಟ ದಿನಕ್ಕೆ. ಆಮೇಲೆ ಬಿಟ್ಟುಕೊಟ್ರೆ ಅವತ್ತಿನ ತಪ್ಪು ಸರಿಹೋಗಲ್ಲ. ಕಾನೂನು ನಮಗೆ ಬೇರೆ ದಾರಿ ಕೊಟ್ಟಿಲ್ಲ" ಎಂದರು. ದನಿ ಗಡುಸಾಗಿರಲಿಲ್ಲ. ಗಡುಸಾಗಿದ್ದರೆ ಚೆನ್ನಾಗಿತ್ತು, ಬೈದುಕೊಳ್ಳಬಹುದಿತ್ತು. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ವಕೀಲರನ್ನು ಕೇಳಿದೆ. "ಅಲ್ಲೂ ಇದೇ ಪುಸ್ತಕ ಓದ್ತಾರಮ್ಮಾ" ಎಂದರು. ನಿನ್ನ ಕೆಮ್ಮು ವಕೀಲ ಮೆಟ್ಟಿಲಲ್ಲಿ ನನಗೆ ದಾರಿ ಬಿಟ್ಟು ನಿಂತ. ಕೆಮ್ಮಲೂ ಇಲ್ಲ.

ಕೊನೆಯ ಸಾಲಿನಲ್ಲಿ ಬರೆದಿದ್ದಾರೆ: ಮತಪತ್ರಗಳನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ, ಚುನಾವಣಾ ಕಚೇರಿಯವರು ನಿಯಮದಂತೆ ನಾಶ ಮಾಡಬಹುದು.

ನೀನು ಆ ಆದೇಶವನ್ನು ತರಿಸಿಕೊಂಡು ಓದು. ಪೂರ್ತಿ ಓದು. ಒಂದು ಹಾಳೆಯಲ್ಲೂ ನೀನು ಗೆದ್ದೆ ಎಂದು ಬರೆದಿಲ್ಲ. ನಾವು ಸರಿಯಾಗಿ ಕೇಳಲಿಲ್ಲ ಎಂದು ಬರೆದಿದೆ, ಅಷ್ಟೇ. ನಿನಗೆ ಸಿಕ್ಕಿದ್ದು ಕುರ್ಚಿ. ಗೆಲುವು ಆ ಪೆಟ್ಟಿಗೆಯಲ್ಲಿತ್ತೋ ಇಲ್ಲವೋ ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಭಾವನಿಗೆ ಬೇಡ, ಅವರು ಹೋದರು. ನನಗೂ ಬೇಡ. ನಿನಗೂ ಗೊತ್ತಾಗುವುದಿಲ್ಲವಲ್ಲ, ಅದನ್ನು ನೋಡಿಕೊಂಡಿರುತ್ತೇನೆ.

ಅಕ್ಕ


ನವೆಂಬರ್ ೧೮

ಅಕ್ಕನಿಗೆ,

ಈ ಪತ್ರಕ್ಕೆ ನೀನು ಉತ್ತರ ಬರೆಯದಿದ್ದರೂ ಆಶ್ಚರ್ಯವಿಲ್ಲ. ಹರಿದು ಹಾಕುವ ಮುಂಚೆ ಒಂದು ಸಲ ಓದು.

ಮೊನ್ನೆ ಮತಪತ್ರ ನಾಶ ಮಾಡಿದರು. ಸಾಕ್ಷಿಗೆ ಸಹಿ ಬೇಕೆಂದು ವಾರ್ಡಿನ ಸದಸ್ಯನಾದ ನನ್ನನ್ನೂ ಕರೆದರು. ಊರಾಚೆಯ ಕಾಗದದ ಕಾರ್ಖಾನೆಯಲ್ಲಿ ಒಂದು ದೊಡ್ಡ ತೊಟ್ಟಿ ಇದೆ, ಒಳಗೆ ಬೂದು ಬಣ್ಣದ ಗಂಜಿಯಂಥ ನೀರು, ಕೆಳಗೆ ರೆಕ್ಕೆಗಳು ತಿರುಗುತ್ತಿರುತ್ತವೆ. ಪೆಟ್ಟಿಗೆಯ ಮೊಹರು ಒಡೆದು ಕಟ್ಟುಗಳನ್ನು ಹಿಡಿಹಿಡಿಯಾಗಿ ಎಸೆದರು. ರಬ್ಬರನ್ನೂ ಬಿಚ್ಚಲಿಲ್ಲ. ಏಣಿಯ ಚೀಟಿ ಇದ್ದ ಕಟ್ಟುಗಳು ನನ್ನ ಕಾಲ ಬಳಿಯೇ ಇದ್ದವು. ಒಂದು ಕಟ್ಟಿನ ಅಂಚು ಹಿಡಿದು ನೋಡಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ ಎನ್ನಿಸುತ್ತದೆ. ನಾನು ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದೆ. ಆಮೇಲೆ ಕಾರ್ಖಾನೆಯವನು, "ಮುಗೀತು ಸಾರ್, ನಾಳೆಗೆ ರಟ್ಟಾಗುತ್ತೆ" ಎಂದ. ಸಹಿ ಹಾಕಿ ಬಂದೆ.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನರ್ಸಮ್ಮನ ಮೂಲಕ ಹೇಳಿಸುತ್ತಾಳೆ, ನಾನು ಅದೇ ಕೋಣೆಯಲ್ಲಿದ್ದರೂ. ನಿನ್ನೆ ಹೇಳಿಸಿದ್ದು: "ಗೆದ್ದೋರಿಗೆ ಹೇಳು, ಫ್ಯಾನ್ ಹಾಕಲಿ." ಅಮ್ಮನೂ ‘ಒಂಬತ್ತು’ ಎನ್ನತೊಡಗಿದರೆ ನಾನು ಎಲ್ಲಿಗೆ ಹೋಗಲಿ?

ಒಂದೇ ಒಂದು ಮಾತು ಕೇಳುತ್ತೇನೆ. ಕೇಸು ಮುಗಿದಿದೆ, ಯಾರಿಗೂ ಇದರಿಂದ ಲಾಭವಿಲ್ಲ, ನಷ್ಟವಿಲ್ಲ. ಭಾವ ಆ ಕಟ್ಟನ್ನು ಖಂಡಿತವಾಗಿ ನೋಡಿದ್ದರಾ? ಮುದ್ರೆ ಕೆಳಗಿನ ಸಾಲಿನಲ್ಲಿದ್ದದ್ದು ಖಂಡಿತವಾ? ಅವರು ಕೋರ್ಟಿಗೆ ಹೇಳಿದ್ದು ನನಗೆ ಗೊತ್ತು. ನಿನ್ನ ಹತ್ತಿರ ಬೇರೇನಾದರೂ ಹೇಳಿದ್ದರೆ ತಿಳಿಸು. ಇದ್ದದ್ದು ಇದ್ದ ಹಾಗೆ ತಿಳಿಸು. ಏನಿದ್ದರೂ ಸರಿ.

ನಿನ್ನ ತಮ್ಮ


ನವೆಂಬರ್ ೨೧
(ಅಂಚೆಗೆ ಹಾಕುವುದಲ್ಲ)

ನಿಮಗೆ,

ಮಧ್ಯಾಹ್ನ ಗಿರಾಕಿಗಳಿಲ್ಲ. ಚಕ್ರ ನಿಲ್ಲಿಸಿದ್ದೇನೆ. ಅವನ ಪತ್ರ ಕೌಂಟರಿನ ಮೇಲಿದೆ.

ನೀವು ಹೋಗುವ ಎರಡು ದಿನ ಮೊದಲು, ಇದೇ ಹೊತ್ತು. ನಿಮ್ಮ ಎರಡು ಕನ್ನಡಕಗಳನ್ನೂ ಒರೆಸಿ ಇಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದಿರಿ, ಹತ್ತಿರದ್ದು, ದೂರದ್ದು. ನಾನು ಊಟಕ್ಕೆ ಕರೆಯಲು ಬಂದೆ. ನೀವು ತಲೆ ಎತ್ತದೆ ಹೇಳಿದಿರಿ.

"ಎಣಿಕೆ ದಿನ ನಾನು ಯಾವುದು ಹಾಕ್ಕೊಂಡು ಹೋಗಿದ್ದೆ ಗೊತ್ತಾ? ಹತ್ತಿರದ್ದು. ಪಟ್ಟಿ ಓದೋಕೆ ಬೇಕಾಗುತ್ತೆ ಅಂತ. ದೂರದ್ದು ಇಲ್ಲೇ ಬಿಟ್ಟಿದ್ದೆ."

"ಅದಕ್ಕೇನೀಗ?"

"ಜಾಲರಿ ಆಚೆಗಿನ ತಟ್ಟೆ ಮಂಜು ಮಂಜಾಗೇ ಕಂಡಿದ್ದು. ಮುದ್ರೆ ಕೆಳಗಿತ್ತು ಅನ್ಸುತ್ತೆ. ಈಗೀಗ ಯೋಚ್ನೆ ಮಾಡಿದ್ರೆ, ಅನ್ಸುತ್ತೆ ಅಷ್ಟೇ."

ನನಗೆ ಸಿಟ್ಟು ಬಂತು. "ಹಾಗಾದ್ರೆ ಯಾಕ್ರೀ ಈ ಕೋರ್ಟು ಕಚೇರಿ? ಒಡಹುಟ್ಟಿದವನ ಮನೆ ಬಾಗಿಲು ಮುಚ್ಚಿಸಿದ್ರಲ್ಲ!" ಎಂದೆ. ನೀವು ನಕ್ಕಿರಿ.

"ಗೊತ್ತಿದ್ರೆ ಕೋರ್ಟಿಗೆ ಯಾಕೆ ಹೋಗ್ಬೇಕಿತ್ತೇ? ಗೊತ್ತಿಲ್ಲ ಅಂತಾನೇ ಬಿಚ್ಚಿ ನೋಡಿ ಅನ್ನೋದು. ಅವನಿಗೂ ಇದನ್ನ ಹೇಳ್ಬಿಡ್ತೀನಿ ಒಂದಿನ. ಪಾಪ, ನಾನು ಅವನನ್ನ ಕಳ್ಳ ಅಂತಿದೀನಿ ಅಂದ್ಕೊಂಡಿದಾನೆ."

ಊಟಕ್ಕೆ ಎದ್ದಿರಿ. ಅನ್ನ ಆರಿತ್ತು, ಬಿಸಿ ಮಾಡಿಕೊಟ್ಟೆ. ಆ ಒಂದಿನ ಬರಲಿಲ್ಲ.

ಈಗ ಅವನೇ ಕೇಳಿದ್ದಾನೆ. ಇದ್ದದ್ದು ಇದ್ದ ಹಾಗೆ ತಿಳಿಸು, ಎಂದು. ನೀವಿದ್ದಿದ್ದರೆ ಚಪ್ಪಲಿ ಹಾಕಿಕೊಂಡು ಎರಡು ಬೀದಿ ನಡೆದುಹೋಗಿ ಹೇಳಿ ಬರುತ್ತಿದ್ದಿರಿ. ಅಲ್ಲೇ ಚಹಾ ಕುಡಿದೂ ಬರುತ್ತಿದ್ದಿರಿ. ಅದು ನನಗೆ ಚೆನ್ನಾಗಿ ಗೊತ್ತಿದೆ. ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ನಾನು


ನವೆಂಬರ್ ೨೨

ತಮ್ಮನಿಗೆ,

ನಿನ್ನ ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಹೌದು, ಖಂಡಿತವಾಗಿ ನೋಡಿದ್ದರು. ಆ ದಿನ ದೂರದ ಕನ್ನಡಕ ಹಾಕಿಕೊಂಡು ಹೋಗಿದ್ದರು, ನಾನೇ ಒರೆಸಿ ಕೊಟ್ಟಿದ್ದೆ. ಮುದ್ರೆಗಳೆಲ್ಲ ಕೆಳಗಿನ ಸಾಲಿನಲ್ಲೇ ಇದ್ದವು. ಕೊನೆಯವರೆಗೂ ಅವರಿಗೆ ಅದರಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ.

ನಿನ್ನ ಅಕ್ಕ